ಹೂ ರಾಶಿ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ: ಡೊಂಬಿವಲಿ ಟೆರೇಸಿನ ಟೊಮೆಟೊ

ಡೊಂಬಿವಲಿ ಟೆರೇಸ್ (ಏಪ್ರಿಲ್ 11)

ಟೊಮೆಟೊ ಗಿಡಗಳು ಎದೆಯೆತ್ತರ ಬೆಳೆದಿವೆ, ಎಲೆ ಕಪ್ಪು ಹಸಿರು, ಹೂವಿಗೇನೂ ಕಮ್ಮಿ ಇಲ್ಲ. ಆದರೆ ಹೂವಿನ ತೊಟ್ಟಿನ ನಡುವೆ ಒಂದು ಗಂಟು ಇರುತ್ತದಲ್ಲ, ಅದು ಹಳದಿಯಾಗಿ ಅಲ್ಲಿಂದಲೇ ಮುರಿದು ಬೀಳುತ್ತಿದೆ.

ಜಾಗ: ಮುಂಬೈ ಪಕ್ಕದ ಡೊಂಬಿವಲಿ, ಟೆರೇಸ್, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನೇರ ಬಿಸಿಲು.
ತಳಿ: ಅರ್ಕಾ ರಕ್ಷಕ್ ನಾಲ್ಕು, ಚೆರ್ರಿ ಎರಡು, ಆನ್‌ಲೈನಿನಲ್ಲಿ ತರಿಸಿದ ದೊಡ್ಡ ಬೀಫ್‌ಸ್ಟೀಕ್ ಜಾತಿಯವು ನಾಲ್ಕು. ಬೀಜ ಹಾಕಿದ್ದು ಜನವರಿ ಕೊನೆಗೆ.
ಚೀಲ: 12 ಇಂಚಿನ ಕಪ್ಪು ಗ್ರೋ ಬ್ಯಾಗ್. ಎರಡು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೆಂಪು ಮಣ್ಣು.
ಗೊಬ್ಬರ: ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಶೇಕಡಾವಾರು), ಲೀಟರಿಗೆ 5 ಗ್ರಾಂ.

ಬೀಫ್‌ಸ್ಟೀಕಿನಲ್ಲಿ ಎರಡು ಗಿಡ ಇದ್ದಕ್ಕಿದ್ದಂತೆ ಬಾಡಿವೆ. ಅದು ಬೇರೆ ತೊಂದರೆಯೋ ಇದೇ ತೊಂದರೆಯೋ ಗೊತ್ತಾಗುತ್ತಿಲ್ಲ. ಇದೇ ಪ್ಯಾಕೆಟ್ಟಿನ ರಕ್ಷಕ್ ಬೀಜ ಪುಣೆಯ ಕೋಥ್ರೂಡಿನಲ್ಲಿ ಗೊಂಚಲು ಗೊಂಚಲು ಕಾಯಿ ಬಿಟ್ಟಿದೆ. ಹಾಗಾದರೆ ಬೀಜದ ದೋಷ ಅಲ್ಲ ತಾನೇ?

ವಾಶಿ ಕುಂಡಕೃಷಿ

ಬೀಜದ ದೋಷ ಅಲ್ಲವೇ ಅಲ್ಲ ಮಾರಾಯ್ರೇ, ತಿಂಗಳಿನ ದೋಷ. ಮುಂಬೈ ಕಡೆ ಟೊಮೆಟೊವನ್ನು ಕೆಡಿಸುವುದು ಹಗಲಿನ ಬಿಸಿಲಿಗಿಂತ ಹೆಚ್ಚಾಗಿ ರಾತ್ರಿಯ ಸೆಕೆ.

ಟೊಮೆಟೊ ಕಾಯಿ ಕಚ್ಚಲು ರಾತ್ರಿ 15ರಿಂದ 20 ಡಿಗ್ರಿ ಇದ್ದರೆ ಸುಖ. 21-22 ದಾಟಿದ ಮೇಲೆ ಹೆಚ್ಚಿನ ತಳಿಗಳು ಹಿಂದೇಟು ಹಾಕುತ್ತವೆ. ನಮ್ಮಲ್ಲಿ ಮಾರ್ಚಿನಲ್ಲೇ ರಾತ್ರಿಯ ಕನಿಷ್ಠ 21ರ ಹತ್ತಿರ, ಏಪ್ರಿಲ್‌ನಲ್ಲಿ 24ರ ಆಸುಪಾಸು, ಮೇ ತಿಂಗಳಲ್ಲಿ 27. ಪುಣೆ 560 ಮೀಟರ್ ಎತ್ತರದಲ್ಲಿದೆ. ಅಲ್ಲಿ ಏಪ್ರಿಲ್ ಮಧ್ಯಾಹ್ನ ನಮಗಿಂತ ಕಡು ಬಿಸಿಲು, ಆದರೆ ಮಾರ್ಚಿನ ರಾತ್ರಿ ಇನ್ನೂ ತಂಪು. ಕೋಥ್ರೂಡಿನ ಗೊಂಚಲುಗಳು ಆಗಲೇ ಕಚ್ಚಿರಬೇಕು. ಇವತ್ತು ಅರಳುತ್ತಿರುವ ಹೂಗಳ ಗತಿ ಅಲ್ಲಿಯೂ ಅಷ್ಟು ಒಳ್ಳೆಯದಿರಲಾರದು.

ಪರಾಗ ತಯಾರಾಗುವುದು ಹೂ ಅರಳುವ ಒಂದು-ಒಂದೂವರೆ ವಾರ ಮೊದಲು, ಮೊಗ್ಗು ಇನ್ನೂ ಅಕ್ಕಿ ಕಾಳಿನಷ್ಟು ಇರುವಾಗ. ಆ ದಿನಗಳಲ್ಲಿ ಸೆಕೆ ತಗುಲಿದರೆ ಪರಾಗ ಪೊಳ್ಳಾಗುತ್ತದೆ. ಹಾಗಾಗಿ ಇವತ್ತು ನೀರು ಚಿಮುಕಿಸಿದರೆ ಇವತ್ತಿನ ಹೂ ಉಳಿಯುವುದಿಲ್ಲ. ಇದರ ಮೇಲೆ ಕರಾವಳಿಯ ತೇವ. ಗಾಳಿಯ ತೇವಾಂಶ ಶೇ. 80 ದಾಟಿದರೆ ಪರಾಗ ಒಂದಕ್ಕೊಂದು ಅಂಟಿಕೊಂಡು ಕೇಸರದ ಕೊಳವೆಯಿಂದ ಹೊರಗೇ ಬೀಳುವುದಿಲ್ಲ.

ಪರೀಕ್ಷೆ ಮಾಡಿ ನೋಡಿ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರೊಳಗೆ, ಇಬ್ಬನಿ ಆರಿದ ಮೇಲೆ, ಪೂರ್ತಿ ಅರಳಿ ದಳ ಹಿಂದಕ್ಕೆ ಬಾಗಿದ ಹೂ ಆರಿಸಿ. ಕೆಳಗೆ ಮೊಬೈಲಿನ ಕಪ್ಪು ಪರದೆ ಹಿಡಿದು, ಬ್ಯಾಟರಿ ಟೂತ್‌ಬ್ರಷ್ಷಿನ ಬೆನ್ನನ್ನು ಹೂವಿನ ತೊಟ್ಟಿಗೆ ಎರಡು ಮೂರು ಸೆಕೆಂಡು ತಾಗಿಸಿ. ಹಳದಿ ಪುಡಿ ಉದುರಿದರೆ ಆ ಗಿಡಕ್ಕೆ ಇನ್ನೂ ಆಸೆ ಇದೆ, ದಿನವೂ ಹೀಗೆ ಅದುರಿಸಿ. ಪುಡಿಯೇ ಬೀಳದಿದ್ದರೆ ಬ್ರಷ್ ಹಿಡಿದು ಏನೂ ಆಗುವುದಿಲ್ಲ. ಹೂವಿನ ಮಧ್ಯದಲ್ಲಿ ಹಸಿರು ಶಲಾಕೆ (ಹೂವಿನ ಹೆಣ್ಣು ಭಾಗದ ಕಡ್ಡಿ) ಹಳದಿ ಕೊಳವೆಯಿಂದ ಹೊರಗೆ ಇಣುಕಿದೆಯೇ ಅಂತಲೂ ನೋಡಿ. ಸೆಕೆಗೆ ಅದು ಉದ್ದವಾಗಿ ಹೊರಬರುತ್ತದೆ, ಆಗ ತನ್ನದೇ ಪರಾಗ ಅದರ ತುದಿಗೆ ಮುಟ್ಟುವುದಿಲ್ಲ.

19:19:19 ಲೀಟರಿಗೆ 5 ಗ್ರಾಂ, ಅದೂ ಪ್ರತಿವಾರ! ಎಲೆ ಕಪ್ಪು ಹಸಿರಾಗಿರುವುದು ಆರೋಗ್ಯ ಅಲ್ಲ, ಸಾರಜನಕದ ಕೊಬ್ಬು. ಹೂ ಕಂಡ ಕೂಡಲೇ ಅದನ್ನು ನಿಲ್ಲಿಸಿ 0:52:34 ಲೀಟರಿಗೆ 2 ಗ್ರಾಂನಂತೆ ಒಂದೆರಡು ಸಲ, ಕಾಯಿ ಕಚ್ಚಿದ ಮೇಲೆ 13:0:45 ಅಷ್ಟೇ ಪ್ರಮಾಣದಲ್ಲಿ ಕೊಡಬೇಕು.

ಬಾಡಿದ ಗಿಡದ ಎಲೆ ಹಸಿರಾಗಿಯೇ ಇತ್ತೇ, ಹಳದಿಯಾಗಿತ್ತೇ?

ಡೊಂಬಿವಲಿ ಟೆರೇಸ್

ಹಸಿರಾಗಿಯೇ ಇತ್ತು. ಮಧ್ಯಾಹ್ನ ಕುಡಿ ಜೋತು ಬಿತ್ತು, ರಾತ್ರಿ ಸ್ವಲ್ಪ ಎದ್ದಿತು, ಮರುದಿನ ಪೂರ್ತಿ ಮಲಗಿತು. ಮಣ್ಣು ಒದ್ದೆಯೇ ಇತ್ತು. ಇನ್ನು, ಹೂ ಉದುರದ ಹಾಗೆ ಒಂದು ಹಾರ್ಮೋನ್ ಔಷಧ ಸಿಗುತ್ತದಂತೆ, ಎನ್‌ಎಎ. ಅದನ್ನು ಹೊಡೆಯಬಹುದೇ?

ವಾಶಿ ಕುಂಡಕೃಷಿ

ಹಾರ್ಮೋನ್ ತೊಟ್ಟನ್ನು ಹಿಡಿದು ನಿಲ್ಲಿಸುತ್ತದೆ, ಪರಾಗವನ್ನು ಹುಟ್ಟಿಸುವುದಿಲ್ಲ. ಹೂ ನಿಂತರೂ ಒಳಗೆ ಬೀಜವಿಲ್ಲದ, ಮೂಲೆ ಮೂಲೆಯಾದ ಟೊಳ್ಳು ಕಾಯಿ ಆಗುವುದೇ ಜಾಸ್ತಿ. ಸ್ವಲ್ಪ ಹೆಚ್ಚಾದರೆ ಎಲೆ ತಿರುಚುತ್ತದೆ, ಆಮೇಲೆ ಅದನ್ನು ವೈರಸ್ ಅಂದುಕೊಂಡು ಇನ್ನೊಂದು ಔಷಧ. ಬೇಡ.

ಬಾಡಿದ್ದು ದುಂಡಾಣು ಸೊರಗು ರೋಗದ ಲಕ್ಷಣ. ಖಾತ್ರಿ ಮಾಡಿಕೊಳ್ಳುವುದು ಸುಲಭ: ಬುಡದಿಂದ ಎರಡಿಂಚು ಮೇಲೆ ಕಾಂಡ ಕತ್ತರಿಸಿ, ಬೆರಳುದ್ದದ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ತೂಗುಹಾಕಿ. ಅಲುಗಾಡಿಸಬೇಡಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದೇ ರೋಗ. ಎಳೆ ಬಾರದೆ ಕಾಂಡದ ಒಳಗೆ ಕಂದು ಗೆರೆ ಮಾತ್ರ ಇದ್ದು, ಕೆಳಗಿನ ಎಲೆಗಳು ಒಂದೇ ಪಕ್ಕಕ್ಕೆ ಹಳದಿಯಾಗಿ ಬಂದಿದ್ದರೆ ಫ್ಯುಸೇರಿಯಂ ಶಿಲೀಂಧ್ರ.

ಹಡಪಸರ್ ಹಿತ್ತಲು

ನಡುವೆ ಬಾಯಿ ಹಾಕ್ತೀನ್ರಿ. ಪುಣೇದಾಗ ಬೇಸಿಗಿ ಟೊಮ್ಯಾಟೋ ಆಗ್ತದ ಅನ್ನೋದು ಖರೆ, ನಾರಾಯಣಗಾಂವ್ ಮಾರುಕಟ್ಟಿಗೆ ಲಾರಿಗಟ್ಟಲೆ ಬರ್ತದ. ಆದರ ಅಲ್ಲಿ ತಳಿ ಆರಿಸೋದು ದಪ್ಪ ಸಿಪ್ಪಿ ನೋಡಿ, ದೂರದ ಸಾಗಾಟಕ್ಕ ತಾಳಬೇಕು ಅಂತ. ಆ ಹೈಬ್ರಿಡ್ ಬೀಜ ಮುಂಬೈಗೆ ಒಯ್ದು ಹಾಕಿದರ ಸೊರಗು ರೋಗ ಬಿಡೂದಿಲ್ರಿ. ನಿಮಗ ಬೇಕಾಗಿದ್ದು ರೋಗ ತಡಕೊಳ್ಳೋ ಗುಣ, ಸಿಪ್ಪಿ ಅಲ್ಲ. ಪ್ಯಾಕೆಟ್ ಮ್ಯಾಲೆ ‘ಬಿಡಬ್ಲ್ಯೂ’ (ದುಂಡಾಣು ಸೊರಗು) ಮತ್ತು ‘ಟಿಒಎಲ್‌ಸಿವಿ’ (ಎಲೆ ಮುಟುರು ವೈರಸ್) ತಡೀತದ ಅಂತ ಬರ್ದಿದ್ರ ತಗೋರಿ, ಇಲ್ಲಾಂದ್ರ ಬಿಡ್ರಿ. ಬೀಫ್‌ಸ್ಟೀಕ್ ಅಂತೂ ನಮ್ಮಲ್ಲೂ ನಂಬಾಂಗಿಲ್ಲ.

ಡೊಂಬಿವಲಿ ಟೆರೇಸ್

ಲೋಟದ ಪರೀಕ್ಷೆ ಮಾಡಿದೆ. ಬಿಳಿ ಎಳೆ ಸ್ಪಷ್ಟವಾಗಿ ಇಳಿಯಿತು. ಟೂತ್‌ಬ್ರಷ್: ಚೆರ್ರಿಯಲ್ಲಿ ಪುಡಿ ಚೆನ್ನಾಗಿ ಬಿತ್ತು, ರಕ್ಷಕ್‌ನಲ್ಲಿ ಅಲ್ಪಸ್ವಲ್ಪ, ಬೀಫ್‌ಸ್ಟೀಕಿನಲ್ಲಿ ಏನೂ ಇಲ್ಲ, ಶಲಾಕೆ ಹೊರಗಿದೆ. ಮುಂದೇನು? ಮುಂದಿನ ಹಂಗಾಮಿಗೆ ಯಾವ ತಳಿ, ಯಾವಾಗ?

ವಾಶಿ ಕುಂಡಕೃಷಿ

ಮೊದಲು ರೋಗದ ಚೀಲ. ಗಿಡ, ಮಣ್ಣು ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕಸಕ್ಕೆ. ಕಾಂಪೋಸ್ಟ್ ಡಬ್ಬಿಗೆ ಖಂಡಿತ ಬೇಡ, ಬೇರೆ ಕುಂಡಕ್ಕೆ ಸುರಿಯುವುದೂ ಬೇಡ. ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಬದನೆ, ಮೆಣಸು, ಆಲೂಗಡ್ಡೆಗೂ ಹಿಡಿಯುತ್ತದೆ. ಕತ್ತರಿಯನ್ನೂ ಚೀಲ ಇಟ್ಟಿದ್ದ ತಟ್ಟೆಯನ್ನೂ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ತೊಳೆಯಿರಿ. ಆ ಚೀಲದಿಂದ ಹರಿದ ನೀರು ಪಕ್ಕದ ಚೀಲದ ತಳಕ್ಕೆ ಹೋಗುವಂತಿದ್ದರೆ ಉಳಿದವನ್ನು ಇಟ್ಟಿಗೆಯ ಮೇಲೆ ಎತ್ತಿಡಿ. ಟೆರೇಸಿನಲ್ಲಿ ರೋಗ ಹರಡುವುದು ಹೆಚ್ಚಾಗಿ ಹೀಗೆಯೇ. ಉಳಿದ ಎರಡು ಬೀಫ್‌ಸ್ಟೀಕನ್ನೂ ಕಿತ್ತುಬಿಡಿ, ಪರಾಗವಿಲ್ಲದ ಗಿಡಕ್ಕೆ ಮೇ ತಿಂಗಳಿಡೀ ನೀರು ಹೊರುವುದು ದಂಡ.

ತಳಿಯ ಬಗ್ಗೆ. ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಎರಡೂ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್‌ಗಳು. ಎಲೆ ಮುಟುರು ವೈರಸ್, ದುಂಡಾಣು ಸೊರಗು, ಮುಂಚಿನ ಅಂಗಮಾರಿ (ಎಲೆಗೆ ಕಲೆ ಬೀಳುವ ರೋಗ), ಈ ಮೂರಕ್ಕೂ ನಿರೋಧ ಇದೆ. ನಿಮ್ಮಲ್ಲಿ ಬೀಫ್‌ಸ್ಟೀಕ್ ಸತ್ತು ರಕ್ಷಕ್ ನಿಂತದ್ದು ಸುಮ್ಮನೆ ಅಲ್ಲ. ಅರ್ಕಾ ಅಭೇದ್‌ನಲ್ಲಿ ತಡ ಅಂಗಮಾರಿಗೂ ನಿರೋಧ ಸೇರಿದೆ, ಆದರೆ ಆ ರೋಗ ತಂಪು ಹವೆಯದ್ದು, ಮುಂಬೈಗೆ ಅದೊಂದೇ ಕಾರಣಕ್ಕೆ ಹುಡುಕಬೇಕಿಲ್ಲ. ಈ ಅರ್ಕಾ ತಳಿಗಳ ಬೀಜ ಆ ಸಂಸ್ಥೆಯ ಪೋರ್ಟಲಿನಲ್ಲೇ ಸಿಗುತ್ತದೆ. ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ಪೀಳಿಗೆಯಲ್ಲಿ ಗುಣ ಒಡೆದುಹೋಗುತ್ತದೆ. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ಅರ್ಕಾ ವಿಕಾಸ್ ಅಥವಾ ದಿಲ್ಲಿಯ ಪೂಸಾ ಸದಾಬಹಾರ್ ತೆಗೆದುಕೊಳ್ಳಿ. ಸದಾಬಹಾರ್ ಬೆಚ್ಚಗಿನ ರಾತ್ರಿಯಲ್ಲೂ ಕಾಯಿ ಕಚ್ಚಲೆಂದೇ ಆರಿಸಿದ ತಳಿ. ಚೆರ್ರಿ ಜಾತಿ ಯಾವುದಾದರೂ ದೊಡ್ಡ ಹಣ್ಣಿನವಕ್ಕಿಂತ ಸೆಕೆ ತಡೆಯುತ್ತದೆ. ಅರ್ಧ ಕಿಲೋ ತೂಗುವ ಬಣ್ಣಬಣ್ಣದ ವಿದೇಶಿ ಹಣ್ಣಿನ ಚಿತ್ರ ನೋಡಿ ಮರುಳಾಗುವುದು ಬಿಡಿ.

ಆದರೆ ತಳಿಗಿಂತ ತಾರೀಖು ದೊಡ್ಡದು. ಸೆಪ್ಟೆಂಬರ್ 10ರ ಸುಮಾರಿಗೆ ಮಳೆ ಎರಚದ ಜಾಗದಲ್ಲಿ ಬೀಜ ಹಾಕಿ. 25 ದಿನಕ್ಕೆ ಸಸಿ ತಯಾರು, ಅಷ್ಟರಲ್ಲಿ ಮಳೆಯೂ ಹಿಂದೆ ಸರಿಯುತ್ತಿರುತ್ತದೆ. ಅಕ್ಟೋಬರ್ ಮೊದಲ ವಾರ ನಾಟಿ ಮಾಡಿದರೆ ಅಕ್ಟೋಬರಿನ ಸೆಕೆಯೆಲ್ಲ ಬೇರು, ಎಲೆ ಬೆಳೆಯುವುದಕ್ಕೆ ಕಳೆದು, ಹೂ ನವೆಂಬರಿನಲ್ಲಿ ಬರುತ್ತದೆ. ಡಿಸೆಂಬರ್ ಕೊನೆಗೆ ಹಣ್ಣು. ಎರಡನೇ ಸರದಿ ಅಕ್ಟೋಬರ್ ಮಧ್ಯದಲ್ಲಿ ಬಿತ್ತಿ, ಅದು ಮಾರ್ಚಿನವರೆಗೆ ನಡೆಯುತ್ತದೆ. ನವೆಂಬರ್ ಕೊನೆಯ ನಂತರ ಬಿತ್ತಿದ್ದು ಅದೃಷ್ಟಕ್ಕೆ ಬಿಟ್ಟದ್ದು.

ಸಸಿ ಮಡಿಗೆ 40 ಅಥವಾ 50 ಮೆಶ್ (ಇಂಚಿಗೆ ಅಷ್ಟು ಕಣ್ಣು) ನೈಲಾನ್ ಬಲೆ ಕಡ್ಡಾಯ. ಎಲೆ ಮುಟುರು ವೈರಸ್ ತರುವ ಬಿಳಿ ನೊಣ ಸೊಳ್ಳೆ ಪರದೆಯಲ್ಲಿ ಆರಾಮಾಗಿ ನುಸುಳುತ್ತದೆ. ಸಸಿಯಲ್ಲೇ ವೈರಸ್ ಬಂದ ಗಿಡ ಕಾಯಿ ಕೊಡುವುದಿಲ್ಲ.

ಚೆಂಬೂರ್ ಬಾಲ್ಕನಿ

ಇದೇ ಚರ್ಚೆಯಲ್ಲಿ ಕೇಳುತ್ತೇನೆ. ಕಾಯಿಯ ತಳ ಕಪ್ಪಾಗಿ ಚರ್ಮದ ಹಾಗೆ ಒಳಕ್ಕೆ ಕುಸಿಯುತ್ತಿದೆ. ಮಿಶ್ರಣ ಪೂರ್ತಿ ಕೋಕೋಪೀಟ್ ಮತ್ತು ಎರೆಗೊಬ್ಬರ. ಮೊಟ್ಟೆಯ ಚಿಪ್ಪಿನ ಪುಡಿ ಹಾಕಿದ್ದಾಗಿದೆ. ಮಳೆಗಾಲಕ್ಕೆ ಮೇಲೆ ಶೀಟ್ ಹಾಕಿ ಟೊಮೆಟೊ ಬೆಳೆಯಬಹುದೇ?

ವಾಶಿ ಕುಂಡಕೃಷಿ

ತುದಿ ಕೊಳೆ ಅಕ್ಕಾ, ರೋಗ ಅಲ್ಲ, ಕಾಯಿಗೆ ಸುಣ್ಣದ ಅಂಶ (ಕ್ಯಾಲ್ಸಿಯಂ) ತಲುಪುತ್ತಿಲ್ಲ. ಚಿಪ್ಪಿನ ಪುಡಿ ಕರಗುವಷ್ಟರಲ್ಲಿ ಗಿಡದ ಆಯಸ್ಸೇ ಮುಗಿದಿರುತ್ತದೆ. ನಿಮ್ಮಲ್ಲಿ ಮೂರು ಕಾರಣ ಒಟ್ಟಿಗಿವೆ. ಚೆಂಬೂರಿಗೆ ಬರುವ ಕೆರೆ ನೀರು ಮೃದು, ಅದರಲ್ಲಿ ಕ್ಯಾಲ್ಸಿಯಂ ಕಡಿಮೆ. ಸಂಸ್ಕರಿಸದ ಕೋಕೋಪೀಟ್ ಇದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಶ್ ಬಿಡುತ್ತದೆ. ಮೂರನೆಯದು ನೀರಿನ ಏರುಪೇರು. ಕ್ಯಾಲ್ಸಿಯಂ ನೀರಿನ ಜೊತೆಗೇ ಮೇಲೇರಬೇಕು, ಒಂದು ಮಧ್ಯಾಹ್ನ ಚೀಲ ಒಣಗಿದರೂ ಸಾಕು, ಗೋಲಿ ಗಾತ್ರದ ಕಾಯಿಗೆ ಪೆಟ್ಟು ಬಿದ್ದಾಯಿತು. ಕಲೆ ಕಾಣುವುದು ಆಮೇಲೆ.

ಈಗಿನ ಗಿಡಕ್ಕೆ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 2 ಗ್ರಾಂ, ಹತ್ತು ದಿನಕ್ಕೊಮ್ಮೆ, ಬುಡಕ್ಕೆ. ಇದನ್ನು 0:52:34 ಅಥವಾ ಎಪ್ಸಮ್ ಉಪ್ಪಿನ ಜೊತೆ ಒಂದೇ ಬಕೆಟ್ಟಿನಲ್ಲಿ ಕಲಸಬೇಡಿ, ಸುಣ್ಣದ ಗಸಿಯಾಗಿ ತಳಕ್ಕೆ ಕೂರುತ್ತದೆ. ಕಪ್ಪಾದ ಕಾಯಿ ಕಿತ್ತುಹಾಕಿ, ಅದು ಸರಿಯಾಗುವುದಿಲ್ಲ. ಮುಂದಿನ ಸಲ 5 ಕಿಲೋ ಕೋಕೋಪೀಟ್ ಇಟ್ಟಿಗೆಯನ್ನು ಮೊದಲು ತೊಳೆದು, 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ 20-25 ಲೀಟರ್ ನೀರಿನಲ್ಲಿ ಒಂದು ದಿನ ನೆನೆಸಿ, ಮತ್ತೆ ತೊಳೆದು ಬಳಸಿ.

ಶೀಟ್ ಹಾಕಿದರೆ ಮಳೆ ತಪ್ಪೀತು, ತೇವ ತಪ್ಪುವುದಿಲ್ಲ, ಜುಲೈಯಲ್ಲಿ ಬಿಸಿಲೂ ಇಲ್ಲ. ಎಲೆಯ ಮೇಲೆ ಉಂಗುರ ಉಂಗುರದ ಅಂಗಮಾರಿ ಕೆಳಗಿನಿಂದ ಹತ್ತಿಕೊಂಡು ಬರುತ್ತದೆ. ಆ ನಾಲ್ಕು ತಿಂಗಳು ಬಸಳೆ, ಬೆಂಡೆ, ಹೀರೆ ಹಾಕಿ.

ಹಡಪಸರ್ ಹಿತ್ತಲು

ಸೊರಗು ರೋಗ ಒಮ್ಮೆ ಹೊಕ್ಕ ಟೆರೇಸಿಗೆ ಕಸಿ ಸಸಿ ಭಾಳ ಛಲೋ ಉಪಾಯ ಅಲ್ಲೇನ್ರಿ? ಸುಂಡೆ (ಬದನಿ ಜಾತಿ ಕಾಡುಗಿಡ) ಬುಡದ ಮ್ಯಾಲೆ ಟೊಮ್ಯಾಟೋ ಕುಡಿ ಕೂಡಿಸಿದ್ದು?

ವಾಶಿ ಕುಂಡಕೃಷಿ

ಒಳ್ಳೆಯದೇ ಸರ್. ಕಾಡು ಸುಂಡೆ ಬೀಜ ನಿಧಾನ ಮೊಳೆಯುತ್ತದೆ, ಟೊಮೆಟೊಗಿಂತ ಮೂರು ನಾಲ್ಕು ವಾರ ಮೊದಲು ಹಾಕಬೇಕು. ಸೊರಗು ತಡೆಯುವ ಬದನೆ ಬುಡವೂ ಆಗುತ್ತದೆ. ತೈವಾನಿನ ವಿಶ್ವ ತರಕಾರಿ ಕೇಂದ್ರದವರು ಇಜಿ 203 ಎಂಬ ಬದನೆಯನ್ನು ಇದಕ್ಕೇ ಶಿಫಾರಸು ಮಾಡುತ್ತಾರೆ. ಎರಡರ ಕಾಂಡವೂ ಸುಮಾರು 2 ಮಿಲಿಮೀಟರ್ ದಪ್ಪ ಇರುವಾಗ ಓರೆಯಾಗಿ ಕತ್ತರಿಸಿ, ಸಿಲಿಕಾನ್ ಕ್ಲಿಪ್ಪಿನಿಂದ ಕೂಡಿಸಿ, ಒಂದು ವಾರ ನೆರಳು ಮತ್ತು ತೇವದ ಡಬ್ಬಿಯಲ್ಲಿ ಇಡಬೇಕು. ಎಲ್ಲರೂ ಎಡವುವುದು ನಾಟಿಯಲ್ಲಿ: ಟೊಮೆಟೊ ಸಸಿಯನ್ನು ಕುತ್ತಿಗೆವರೆಗೆ ಹೂಳುವ ಅಭ್ಯಾಸದಿಂದ ಕಸಿಯ ಗಂಟನ್ನೂ ಮಣ್ಣಿಗೆ ಸೇರಿಸುತ್ತಾರೆ. ಗಂಟಿನ ಮೇಲಿನಿಂದ ಟೊಮೆಟೊ ಬೇರು ಬಿಟ್ಟು ನೇರ ರೋಗದ ಮಣ್ಣಿಗೆ ಇಳಿಯುತ್ತದೆ, ಕಸಿ ಮಾಡಿದ್ದು ವ್ಯರ್ಥ. ಗಂಟು ಮಣ್ಣಿನಿಂದ ಎರಡಿಂಚು ಮೇಲೇ ಇರಲಿ.

ಡೊಂಬಿವಲಿ ಟೆರೇಸ್

ಚೆರ್ರಿ ಎರಡು, ರಕ್ಷಕ್ ನಾಲ್ಕು ಉಳಿಯುತ್ತವೆ. ಅವಕ್ಕೆ ಮೇ ಕೊನೆಯವರೆಗೆ ಏನು ಮಾಡಲಿ?

ವಾಶಿ ಕುಂಡಕೃಷಿ

ಕಪ್ಪು ಚೀಲಕ್ಕೆ ಹಳೆಯ ಗೋಣಿ ಸುತ್ತಿಡಿ. ಮಧ್ಯಾಹ್ನದ ಹೊತ್ತು ಚೀಲ ಮುಟ್ಟಿ ನೋಡಿದರೆ ಬೇರಿನ ಕಷ್ಟ ಗೊತ್ತಾಗುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಶೇ. 35ರ ಶೇಡ್ ನೆಟ್ ಸಾಕು. ಶೇ. 75ರದ್ದು ಕಟ್ಟಿದರೆ ಗಿಡ ಬರೀ ಉದ್ದವಾಗುತ್ತದೆ. ಚೀಲಕ್ಕೆ ದಿನಕ್ಕೆ ಎರಡು-ಮೂರು ಲೀಟರ್ ನೀರು, ಬೆಳಿಗ್ಗೆ ಹೆಚ್ಚು, ಸಂಜೆ ಸ್ವಲ್ಪ, ಎಲೆಗೆ ತಾಗದಂತೆ. ರಕ್ಷಕ್‌ಗೆ ಟೂತ್‌ಬ್ರಷ್ ತಾಗಿಸುತ್ತಿರಿ, ಎಲ್ಲೋ ಒಂದೆರಡು ಕಾಯಿ ನಿಲ್ಲಬಹುದು. ಚೆರ್ರಿ ಬಿಡುತ್ತದೆ. ಈ ಸೆಕೆಯಲ್ಲಿ ಹಣ್ಣು ಗಿಡದಲ್ಲೇ ಇದ್ದರೆ ಕೆಂಪಾಗದೆ ಹಳದಿ-ಕಿತ್ತಳೆಯಲ್ಲೇ ನಿಲ್ಲುತ್ತದೆ, 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಸರಿಯಾಗಿ ಕೂಡುವುದಿಲ್ಲ. ತುದಿಯಲ್ಲಿ ಗುಲಾಬಿ ಛಾಯೆ ಕಂಡ ದಿನವೇ ಕಿತ್ತು ಮನೆಯೊಳಗೆ ತಂಪಾದ ಮೂಲೆಯಲ್ಲಿ ಬುಟ್ಟಿಯಲ್ಲಿಡಿ, ಫ್ರಿಜ್ಜಿನಲ್ಲಿ ಬೇಡ.

ಜೂನಿನಲ್ಲಿ ಮಳೆ ಬಂದ ಮೇಲೆ ಆ ಗಿಡಗಳನ್ನು ಕತ್ತರಿಸಿ ಚಿಗುರಿಸಿ ಸೆಪ್ಟೆಂಬರಿಗೆ ಉಳಿಸುವ ಯೋಚನೆ ಮಾಡಬೇಡಿ. ಹಳೆಯ ಗಿಡದ ಬಿಳಿ ನೊಣವೇ ಹೊಸ ಸಸಿಗೆ ವೈರಸ್ ದಾಟಿಸುತ್ತದೆ. ಸಸಿ ಮಡಿ ಹಾಕುವ ಕನಿಷ್ಠ ಮೂರು ವಾರ ಮೊದಲು ಟೆರೇಸಿನಲ್ಲಿ ಒಂದೂ ಟೊಮೆಟೊ ಇರಬಾರದು.