‘ಓವರ್‌ಡಬ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಕ್ವೀನ್ ಎಂಬ ಬ್ರಿಟಿಷ್ ರಾಕ್ ತಂಡದ ಹಾಡಾದ ‘ಬೊಹೀಮಿಯನ್ ರ‍್ಯಾಪ್ಸಡಿ’ ಕುರಿತು ಲೇಖನ ಬರೆಯುತ್ತಿದ್ದೇನೆ. ‘ಸಿಂಗಲ್’ (ಬಿಡಿಯಾಗಿ ಹೊರಬರುವ ಹಾಡು) ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ, ಅದು ಓದುಗರಿಗೆ ಗೊತ್ತಿದೆ. ತೊಡಕಿರುವುದು, ಮೊದಲು ಮುದ್ರಿಸಿದ ದನಿಯನ್ನು ಉಳಿಸಿಕೊಂಡೇ ಅದರ ಮೇಲೆ ಮತ್ತೊಂದನ್ನು ಮುದ್ರಿಸುವುದು ಎಂಬ ಅರ್ಥದ ‘ಓವರ್‌ಡಬ್’ನಲ್ಲಿ.

1975ರಲ್ಲಿ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಈ ಹಾಡಿನ ಧ್ವನಿಮುದ್ರಣ ಶುರುವಾಯಿತು. ನಡುವಿನ ಆಪೆರಾ ಭಾಗದಲ್ಲಿ ದೊಡ್ಡ ಗಾಯನವೃಂದವೇ ಹಾಡಿದಂತೆ ಕೇಳುತ್ತದೆ. ಆದರೆ ಅಲ್ಲಿರುವುದು ತಂಡದ ಮೂವರದೇ ಕಂಠ: ಮುಖ್ಯ ಗಾಯಕ ಫ್ರೆಡ್ಡಿ ಮರ್ಕ್ಯುರಿ, ಬ್ರಯಾನ್ ಮೇ, ರೋಜರ್ ಟೇಲರ್. ಹಾಡಿದ್ದನ್ನು ಕೇಳಿಸಿಕೊಳ್ಳುತ್ತಾ ಅದರ ಮೇಲೆ ಮತ್ತೆ ಹಾಡಿದರು. 24 ಟ್ರ್ಯಾಕ್‌ಗಳ (ಟ್ರ್ಯಾಕ್ ಎಂದರೆ ಇಲ್ಲಿ ಒಂದೊಂದು ದನಿಯನ್ನು ಬೇರೆಯಾಗಿ ಮುದ್ರಿಸುವ ಪಟ್ಟಿ) ಟೇಪು ತುಂಬಿದಾಗ ಹಲವು ಟ್ರ್ಯಾಕ್‌ಗಳನ್ನು ಬೆರೆಸಿ ಒಂದಕ್ಕಿಳಿಸಿ, ತೆರವಾದ ಜಾಗದಲ್ಲಿ ಪುನಃ ಹಾಡಿದರು. ಯಂತ್ರದಲ್ಲಿ ಓಡಿ ಓಡಿ ಟೇಪಿನ ಲೇಪ ಸವೆದು, ಆಚೆಯ ಬೆಳಕು ಕಾಣುವಂತಾಗಿತ್ತಂತೆ!

ಇದನ್ನು ‘ಡಬ್ಬಿಂಗ್’ ಎಂದು ಬರೆದರೆ ಕನ್ನಡಿಗರಿಗೆ ನೆನಪಾಗುವುದು ಪರಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಕೂಡಿಸುವುದು, ಇಲ್ಲವೇ ನಟನಿಗೆ ಬೇರೆಯವರು ದನಿ ಕೊಡುವುದು. ಅಲ್ಲಿ ಒಂದು ದನಿ ಅಳಿದು ಇನ್ನೊಂದು ಬರುತ್ತದೆ. ಇಲ್ಲಿ ಯಾವ ದನಿಯೂ ಅಳಿಯುವುದಿಲ್ಲ. ‘ಟ್ರ್ಯಾಕ್’ ಪದಕ್ಕೂ ಇದೇ ತೊಂದರೆ ಇದೆ. ನಮ್ಮ ಸಿನಿಮಾ ಸಂಗೀತದಲ್ಲಿ ‘ಟ್ರ್ಯಾಕ್ ಹಾಡುವುದು’ ಎಂದರೆ ಮುಖ್ಯ ಗಾಯಕರು ಬರುವವರೆಗೆ ಇನ್ನೊಬ್ಬರು ತಾತ್ಕಾಲಿಕವಾಗಿ ಹಾಡಿಡುವುದು. ಎರಡೂ ಪದಗಳು ಒಟ್ಟಿಗೆ ಬಂದರೆ, ಮರ್ಕ್ಯುರಿಯ ಬದಲು ಯಾರೋ ಹಾಡಿದರೆಂದೇ ಓದುಗರು ತಿಳಿದಾರು. ಆ ಮೂವರ ಶ್ರಮಕ್ಕೆ ಅದು ದೊಡ್ಡ ಅನ್ಯಾಯ.

5 ನಿಮಿಷ 55 ಸೆಕೆಂಡಿನ ಇಷ್ಟು ಉದ್ದದ ಹಾಡನ್ನು ರೇಡಿಯೋದವರು ಹಾಕುವುದಿಲ್ಲ ಎಂಬ ಅಳುಕು ರೆಕಾರ್ಡ್ ಕಂಪನಿಗಿತ್ತು. ಆದರೆ ಲಂಡನ್ನಿನ ಕ್ಯಾಪಿಟಲ್ ರೇಡಿಯೋದಲ್ಲಿ ನಿರೂಪಕ ಕೆನಿ ಎವರೆಟ್ ಇದನ್ನು ಒಂದೇ ವಾರಾಂತ್ಯದಲ್ಲಿ 14 ಬಾರಿ ಕೇಳಿಸಿದರು. ಸಿಂಗಲ್ ಬ್ರಿಟನ್ನಿನ ಮಾರಾಟಪಟ್ಟಿಯಲ್ಲಿ 9 ವಾರ ಮೊದಲ ಸ್ಥಾನದಲ್ಲಿತ್ತು. 1991ರಲ್ಲಿ ಮರ್ಕ್ಯುರಿ ತೀರಿಕೊಂಡ ಮೇಲೆ ಮತ್ತೆ ಅಲ್ಲಿಗೇರಿತು. ಜನರನ್ನು ಬೆರಗುಗೊಳಿಸಿದ್ದರಲ್ಲಿ ಆ ದನಿಗಳ ರಾಶಿಯ ಪಾಲು ಬಹಳ ದೊಡ್ಡದು. ಅದಕ್ಕೇ ಈ ಪದ ಸರಿಯಾಗಿ ಬರಬೇಕೆಂಬ ಹಟ.

‘ಮರುಮುದ್ರಣ’ ಆಗಲೇ ಪುಸ್ತಕಗಳಿಗೆ ಸಂದಿದೆ. ‘ಮೇಲ್ಮುದ್ರಣ’ ಅಚ್ಚುಕೂಟದ ಮಾತಿನಂತೆ ಕೇಳುತ್ತದೆ. ‘ದನಿಯ ಮೇಲೆ ದನಿ ಕೂಡಿಸಿದರು’ ಎಂದರೆ ಅರ್ಥವೇನೋ ತಿಳಿಯಾಗುತ್ತದೆ, ಆದರೆ ಅದನ್ನು ಎಣಿಸಲು ಬರುವುದಿಲ್ಲ. ಈ ಹಾಡಿನಲ್ಲಿ ಸುಮಾರು 180 ಓವರ್‌ಡಬ್‌ಗಳಿವೆ ಎನ್ನುತ್ತಾರೆ, ಹಾಗೆ ಹೇಳಲು ನಾಮಪದವೇ ಬೇಕು. ಸದ್ಯಕ್ಕೆ ನನ್ನ ಒಲವು ‘ಪದರಮುದ್ರಣ’ದ ಕಡೆಗೆ.

ಇದು ಮೊದಲೇ ಬಳಕೆಯಲ್ಲಿದೆಯೇ? ಧ್ವನಿಮುದ್ರಣದ ಕೆಲಸ ಬಲ್ಲವರು ತಮ್ಮ ತಮ್ಮಲ್ಲಿ ಏನೆನ್ನುತ್ತಾರೆ? ತಿಳಿದವರು ಬಳಕೆಯ ವಾಕ್ಯದ ಸಮೇತ ಬರೆದರೆ ಉಪಕಾರವಾಗುತ್ತದೆ.