‘ನರ’ ಅಂದರೆ ಯಾವುದು? ಜೊತೆಗೆ ‘ಜೋಮು’, ‘ಮರಗಟ್ಟು’

ನಮಸ್ಕಾರ,

ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಕರಿಮೆಣಸು ಕುಯ್ಯುವಾಗ ಒಬ್ಬರು ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿಯಿಂದ ಜಾರಿ ಬಿದ್ದರು. ತೋಳಿನ ಮೂಳೆ ನಡುವೆ ಮುರಿಯಿತು. ಮಣಿಕಟ್ಟು ಜೋತುಬಿತ್ತು, ಎತ್ತಿದರೂ ಏಳದು. ಡಾಕ್ಟರು ‘ನರಕ್ಕೆ ಪೆಟ್ಟಾಗಿದೆ’ ಅಂದರು. ಬಿದ್ದವರು ನನ್ನ ಕಡೆ ತಿರುಗಿ, ‘ಒಂದು ಹನಿ ರಕ್ತ ಬಂದಿಲ್ವಲ್ಲಣ್ಣ, ನರ ಹೇಗೆ ಹೋಯ್ತು?’ ಎಂದು ಕೇಳಿದರು.

ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಸೂಜಿ ಚುಚ್ಚಲು ‘ನರ ಸಿಗ್ತಿಲ್ಲ’ ಅಂತೀವಿ, ಅದು ರಕ್ತನಾಳ. ‘ಕಾಲಿನ ನರ ಉಬ್ಬಿದೆ’, ಅದೂ ರಕ್ತನಾಳವೇ. ‘ನರ ಎಳೀತಿದೆ’ ಅಂದರೆ ಹೆಚ್ಚಾಗಿ ಮಾಂಸಖಂಡದ ಸೆಳೆತ. ‘ನರಪೇತಲ’ನ ಮೈಮೇಲೆ ಎದ್ದು ಕಾಣುವ ನರ ಯಾವುದೋ, ನನಗಂತೂ ಗೊತ್ತಿಲ್ಲ! ಮಿದುಳಿನ ಸುದ್ದಿ ಬೆರಳಿಗೆ ಒಯ್ಯುವ ನರ ಈ ಸಾಲಿನಲ್ಲಿ ಕೊನೆಗೆ ಬರುತ್ತದೆ.

ಇದು ಸುಮ್ನೆ ಪದದ ಜಗಳ ಅಲ್ಲ. ಹಿಂದೆ ನಮ್ಮಲ್ಲೇ ಒಬ್ಬರಿಗೆ ಕಾಡು ಸವರುವಾಗ ಮಣಿಕಟ್ಟಿನ ಒಳಬದಿಗೆ, ಕಿರುಬೆರಳಿನ ಕಡೆಗೆ, ಕತ್ತಿ ಏಟು ಬಿತ್ತು. ಹೊಲಿಗೆ ಹಾಕಿದ ಮೇಲೆ ರಕ್ತ ನಿಂತಿತು. ‘ಸದ್ಯ, ನರ ಕಟ್ ಆಗಿಲ್ಲ’ ಎಂದು ಎಲ್ಲರೂ ನೆಮ್ಮದಿಯಾದೆವು. ಆದರೆ ಸುದ್ದಿ ಒಯ್ಯುವ ನರ ಕಟ್ ಆಗಿತ್ತು. ಕಿರುಬೆರಳಿಗೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ, ಬೆರಳುಗಳನ್ನು ಅಗಲಿಸಲು ಆಗುತ್ತಿರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಗದ ಹಿಡಿಸಿ ಎಳೆದರೆ ಹೆಬ್ಬೆರಳ ತುದಿ ಮಡಚಿಕೊಳ್ಳುತ್ತಿತ್ತು. ಮೊದಲ ದಿನವೇ ನೋಡಬಹುದಾಗಿದ್ದ ಲಕ್ಷಣಗಳು ಇವು. ನಮ್ಮ ‘ನರ’ ಎಂಬ ಮಾತು ಅವನ್ನು ಮುಚ್ಚಿಬಿಟ್ಟಿತು.

ಈಗ ತೋಟದ ಗೋಡೆಗೆ ಅಂಟಿಸಲು ಒಂದು ಹಾಳೆ ಬರೆಯುತ್ತಿದ್ದೇನೆ. ಬಿದ್ದಾಗ ಅಥವಾ ಕೊಯ್ದುಕೊಂಡಾಗ ಏನು ನೋಡಬೇಕು ಅಂತ. ‘ನರ’ದ ಬದಲು ‘ಸ್ನಾಯು’ ಬಳಸೋಣವೆಂದರೆ ನಮಗೆ ಅದು ಮಾಂಸಖಂಡ, ಹಿಂದಿಯಲ್ಲಿ ನರ. ‘ನಾಡಿ’ ಅಂದರೆ ಕೈ ಹಿಡಿದು ನೋಡುವ ನಾಡಿ. ತಮಿಳಿನ ನರಂಬು, ಮಲಯಾಳದ ಞರಂಬು ನಮ್ಮ ನರದ ನೆಂಟರೇ. ತಮಿಳಿನಲ್ಲಿ ವೀಣೆಯ ತಂತಿಯೂ ನರಂಬು. ಗ್ರೀಕರ ‘ನ್ಯೂರಾನ್’ ಕೂಡ ಮೊದಲು ಮೂಳೆಗೆ ಅಂಟಿದ ಗಟ್ಟಿ ದಾರ, ಬಿಲ್ಲಿನ ಹೆದೆ. ಈ ಗೊಂದಲ ನಮ್ಮೊಬ್ಬರದ್ದಲ್ಲ ಅಂತ ಸ್ವಲ್ಪ ಸಮಾಧಾನ.

ಸದ್ಯಕ್ಕೆ ‘ಸ್ಪರ್ಶದ ನರ’ ಎಂದು ಬರೆದಿದ್ದೇನೆ. ಆದರೆ ಅದು ಬೆರಳು ಆಡಿಸುವುದನ್ನು ಬಿಟ್ಟುಬಿಡುತ್ತದೆ. ‘ಕರೆಂಟ್ ನರ’ ಅಂದರೆ ಹೇಗೆ? ಮೊಣಕೈ ಗೋಡೆಗೆ ತಾಗಿದರೆ ಕಿರುಬೆರಳ ತನಕ ಕರೆಂಟ್ ಹೊಡೆದ ಹಾಗಾಗುತ್ತಲ್ವಾ, ಪೆಟ್ಟು ಬೀಳೋದು ಆ ನರಕ್ಕೇ. ಕೆಲಸದವರಿಗೆ ಇದು ತಕ್ಷಣ ಅರ್ಥವಾಯಿತು. ಮಗಳು ಮಾತ್ರ ನಗುತ್ತಾಳೆ.

ಇದಕ್ಕಿಂತ ಜಾಸ್ತಿ ಕಾಡುವುದು ‘ಜೋಮು’. ಆ ಕತ್ತಿ ಏಟು ತಿಂದವರನ್ನು ‘ಜೋಮು ಇದೆಯಾ?’ ಎಂದು ಕೇಳಿದ್ದರು. ‘ಇಲ್ಲ’ ಅಂದರು. ಸತ್ಯವೇ ಹೇಳಿದ್ದರು. ಜುಮ್ ಅನ್ನಲು ಕೂಡ ಅಲ್ಲಿ ಏನೂ ಉಳಿದಿರಲಿಲ್ಲ. ನನಗೆ ಜೋಮು ಅಂದರೆ ಚಕ್ಕಳಮಕ್ಕಳ ಕೂತು ಎದ್ದಾಗ ಕಾಲಿಗೆ ಆಗೋದು. ಏನೂ ಗೊತ್ತಾಗದಿದ್ದರೆ ಅದು ಮರಗಟ್ಟಿದ್ದು. ನಮ್ಮಮ್ಮನಿಗೆ ಎರಡೂ ಒಂದೇ. ಮಡಿಕೇರಿ, ವಿರಾಜಪೇಟೆ ಕಡೆಯವರು, ಹಾಸನ, ಮೈಸೂರಿನವರು ಈ ಎರಡನ್ನು ಬೇರೆ ಮಾಡ್ತೀರಾ?

ಇನ್ನೊಂದು. ಮಣಿಕಟ್ಟು ಜೋತುಬಿದ್ದರೆ ‘ಕೈ ಸ್ವಾಧೀನ ಇಲ್ಲ’ ಎಂದು ಬರೆದೆ. ಓದಿದವರೆಲ್ಲ ‘ಲಕ್ವಾನಾ?’ ಅಂದರು. ತೋಳಿನ ಮೂಳೆ ಮುರಿದಾಗ ಅದಕ್ಕೆ ಅಂಟಿಕೊಂಡೇ ಹೋಗುವ ನರಕ್ಕೆ ಪೆಟ್ಟಾಗಿ ಹೀಗಾಗುತ್ತದೆ, ಮಿದುಳಿಗೆ ಏನೂ ಆಗಿರುವುದಿಲ್ಲ. ‘ಜೋತುಗೈ’ ಎಂಬ ಪದ ನಾನೇ ಕಟ್ಟಿದ್ದು. ಕಿವಿಗೆ ಒಗ್ಗುತ್ತಾ, ಅಥವಾ ನಿಮ್ಮ ಕಡೆ ಆಗಲೇ ಒಂದು ಮಾತಿದೆಯಾ?