ಬೆಕ್ಕಿನ ಬಾಯಿ ವಾಸನೆ: ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಏನು ಮಾಡಬಹುದು? ಅನುಭವ ಇದ್ದವರು ಹೇಳಿ

ಭಾಗ್ಯನಗರ, ಕೊಪ್ಪಳ:
ನಮ್ಮ ಬೆಕ್ಕಿಗೆ ಎಂಟು ವರ್ಷ. ಒಂದು ತಿಂಗಳಿಂದ ಬಾಯಿ ವಿಪರೀತ ವಾಸನೆ. ಹಿಂದಿನ ಹಲ್ಲಿನ ಮೇಲೆ ಹಳದಿ ಪಾಚಿ ಕಟ್ಟಿದೆ. ಉಣ್ಣುತ್ತಾಳೆ, ಆದ್ರೆ ಒಂದೇ ಕಡೆ ಅಗಿಯುತ್ತಾಳೆ. ಕೈಯಲ್ಲಿ ಎರಡು ಸಾವಿರ ಇದೆ. ಏನು ಮಾಡಲಿ?

ಕೌಲ್ ಬಜಾರ್, ಬಳ್ಳಾರಿ:
ನನ್ನ ಕಥೆ ಕೇಳಿ. ನಮ್ಮದು ಲ್ಯಾಬ್ರಡಾರ್ ನಾಯಿ. ಎರಡು ವರ್ಷ ನನ್ನ ಪೇಸ್ಟಲ್ಲೇ ಅವನಿಗೂ ಉಜ್ಜಿದೆ. ನಾಯಿಗೆ ಮುಕ್ಕಳಿಸಿ ಉಗುಳೋಕೆ ಬರುತ್ತಾ? ನೊರೆ ಎಲ್ಲ ನುಂಗುತ್ತಿದ್ದ, ಆಮೇಲೆ ವಾಂತಿ. ಕೆಲವು ಪೇಸ್ಟಲ್ಲಿ ಕ್ಸೈಲಿಟಾಲ್ ಅಂತ ಸಿಹಿ ಹಾಕಿರುತ್ತಾರೆ, ಅದು ನಾಯಿಗೆ ವಿಷ ಅಂತ ತಡವಾಗಿ ಗೊತ್ತಾಯಿತು. ಹೆದರಿ ಉಜ್ಜೋದನ್ನೇ ಬಿಟ್ಟೆ. ಅದು ಎರಡನೇ ತಪ್ಪು. ಹೋದ ಬೇಸಿಗೆಯಲ್ಲಿ ಕಣ್ಣಿನ ಕೆಳಗೆ ನಿಂಬೆಕಾಯಿ ಗಾತ್ರ ಊದಿತು. ಜೇನುಹುಳ ಕಚ್ಚಿದೆ ಅಂತ ಹದಿನೈದು ದಿನ ಅರಿಶಿನ ಹಚ್ಚಿದೆ. ಒಡೆದು ಕೀವು ಬಂತು. ನೋಡಿದ್ರೆ ಮೇಲಿನ ದೊಡ್ಡ ದವಡೆ ಹಲ್ಲಿನ ಬೇರು ಕೊಳೆತಿತ್ತು.

ಬೆಂಗಳೂರಿಗೆ ಒಯ್ಯಬೇಕಾಯಿತು. ರೈಲಲ್ಲಿ ನಾಯಿ ಅಂದ್ರೆ ಒಂದೋ ಫಸ್ಟ್ ಎಸಿ ಕೂಪೆ, ಇಲ್ಲಾ ಲಗೇಜ್ ಬೋಗಿ. ಬಳ್ಳಾರಿ ಬಿಸಿಲಲ್ಲಿ ಬೋಗಿಗೆ ಹಾಕೋಕೆ ಮನಸ್ಸಾಗಲಿಲ್ಲ. ಕಾರಿಗೆ 9,500. ರಕ್ತ ಪರೀಕ್ಷೆ 1,800. ಅರಿವಳಿಕೆ, ಸ್ಕೇಲಿಂಗ್ ಅಂದ್ರೆ ಹಲ್ಲಿನ ಮೇಲಿನ ಕಲ್ಲು ತೆಗೆಯೋದು, ಎರಡು ಹಲ್ಲು ಕಿತ್ತಿದ್ದು ಸೇರಿ 11,000. ಮಾತ್ರೆ 1,340. ಲಾಡ್ಜ್‌ನವರು ನಾಯಿ ಬೇಡ ಅಂದರು, ಕಾರಲ್ಲೇ ಮಲಗಿದೆವು. ಒಟ್ಟು 23,640. ಚೀಟಿ ಎಲ್ಲ ಇಟ್ಟಿದ್ದೇನೆ. ಹೆಂಡತಿ ಮುಂದೆ ಮಾತ್ರ ತೆಗೆಯಲ್ಲ.

ಶಕ್ತಿನಗರ, ರಾಯಚೂರು:
ಇದೆಲ್ಲ ಜಾತಿ ನಾಯಿ ಸಾಕೋರ ಶೋಕಿ. ನಮ್ಮ ಮನೆಯಲ್ಲಿ ಮೂರು ಬೀದಿ ನಾಯಿ ಇದ್ದವು. ದಿನಾ ಖಡಕ್ ರೊಟ್ಟಿ, ಭಾನುವಾರ ಸಾರಲ್ಲಿ ಬೆಂದ ಎಲುಬು. ಒಂದು 13 ವರ್ಷ ಬದುಕಿತು. ಬ್ರಷ್ ಮುಖ ನೋಡಲಿಲ್ಲ. ಕರುಂ ಕರುಂ ಅಂತ ಅಗಿದ್ರೆ ಹಲ್ಲು ತಾನೇ ಸ್ವಚ್ಛ.

ಕೌಲ್ ಬಜಾರ್:
ಉಳಿದೆರಡು ಎಷ್ಟು ವರ್ಷ ಬದುಕಿದವು ಸಾರ್?

ಶಕ್ತಿನಗರ:
ಒಂದು ಲಾರಿಗೆ ಸಿಕ್ಕಿತು. ಇನ್ನೊಂದರ ವಿಷಯ ಈಗ ಬೇಡ.

ಗಂಗಾವತಿ:
ಬೆಂದ ಎಲುಬು ಸೀಳಿದ್ರೆ ಸೂಜಿ ಥರ ಆಗುತ್ತೆ. ನಮ್ಮ ನಾಯಿ ಕರಿಯನ ಹೊಟ್ಟೆ ಕುಯ್ಯಿಸಿ ಚೂರು ತೆಗೆಸಿದ್ದೇವೆ, 14 ಹೊಲಿಗೆ. ಅವತ್ತಿಂದ ಎಲುಬು ಬಂದ್.

ಈಗ ನನ್ನ ಪದ್ಧತಿ ಹೇಳ್ತೇನೆ. ತೋರುಬೆರಳಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ, ಕೋಳಿ ಬೇಯಿಸಿದ ನೀರಲ್ಲಿ ಅದ್ದಬೇಕು. ಆ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಬಿದ್ದಿರಬಾರದು. ಮೊದಲ ವಾರ ಸುಮ್ನೆ ತುಟಿ ಎತ್ತಿ ಬಿಡೋದು, ಅಷ್ಟೇ. ಎರಡನೇ ವಾರ ಕೋರೆಹಲ್ಲು. ಆಮೇಲೆ ಹಿಂದಕ್ಕೆ. ಹೊರಗಡೆ ವಸಡಿನ ಅಂಚು ಉಜ್ಜಿದ್ರೆ ಸಾಕು, ಒಳಗಡೆಯದು ನಾಲಿಗೆ ನೋಡಿಕೊಳ್ಳುತ್ತೆ. ದಿನಾ ಮಾಡಬೇಕು. ಎರಡು ಮೂರು ದಿನ ಬಿಟ್ರೆ ಪಾಚಿ ಕಲ್ಲಾಗೋಕೆ ಶುರು. ಕಲ್ಲಾದದ್ದು ಬಟ್ಟೆಗೆ ಬರಲ್ಲ. ಬಟ್ಟೆ ಕಟ್ಟು 30 ರೂಪಾಯಿ. "ಮಗನ ಹಲ್ಲು ಒಂದಿನ ಆದ್ರೂ ಹೀಗೆ ಉಜ್ಜಿದ್ದೀಯಾ?" ಅಂತಾರೆ ನಮ್ಮ ಯಜಮಾನರು.

ಶಕ್ತಿನಗರ:
ಅಕ್ಕಾ, ಎಲುಬಿನ ಸಿಟ್ಟು ರೊಟ್ಟಿ ಮೇಲೆ ಬೇಡ. ಮತ್ತೆ ಆ ಕಲ್ಲು ತೆಗೆಯೋರು ಇಲ್ಲಿ ಯಾರಿದ್ದಾರೆ? ದನದ ದವಾಖಾನೆಯ ಎಮ್ಮೆ ಡಾಕ್ಟರ್ ಬೆಕ್ಕಿನ ಹಲ್ಲು ನೋಡ್ತಾರಾ?

ಮಾನ್ವಿ:
ಮಾತು ನೋಡಿಕೊಂಡು ಆಡಿ. ನಮ್ಮ ಮನೆಯವರು ಅದೇ ಎಮ್ಮೆ ಡಾಕ್ಟರ್. ಐದೂವರೆ ವರ್ಷ ಓದಿದ್ದಾರೆ, ನಾಯಿ ಬೆಕ್ಕು ಎಲ್ಲ ಸೇರಿ. ರಾತ್ರಿ ಹನ್ನೊಂದಕ್ಕೆ ಕರು ಅಡ್ಡ ಸಿಕ್ಕಿಕೊಂಡಿದೆ ಅಂತ ಫೋನ್ ಬಂದ್ರೆ ಉಣ್ಣೋದು ಬಿಟ್ಟು ಏಳ್ತಾರೆ. ಸ್ಕೇಲಿಂಗ್ ಮಷೀನ್ ಇಲ್ಲ, ನಿಜ. ಬಾಯಿ ತೆರೆದು ನೋಡಿ ಯಾವ ಹಲ್ಲು ಕೆಟ್ಟಿದೆ ಅನ್ನೋಕೆ ಮಷೀನ್ ಯಾಕೆ?

ಭಾಗ್ಯನಗರ:
ದಯವಿಟ್ಟು ಜಗಳ ಬೇಡ. ನಮ್ಮದು ಬೆಕ್ಕು. ಪಕ್ಕದ ಮನೆಯವರು ನೋವಿಗೆ ಅರ್ಧ ಪ್ಯಾರಾಸಿಟಮಾಲ್ ಕೊಡಿ ಅಂತಿದ್ದಾರೆ. ಕೊಡಲಾ?

ಸಿಂಧನೂರು:
ಕೊಡಬೇಡಿ! ಕಾಲು ಮಾತ್ರೆಯೂ ಬೇಡ. ನಾನು ಕೊಟ್ಟು ಕಳೆದುಕೊಂಡೆ. ಬೆಕ್ಕಿನ ಮೈಗೆ ಅದನ್ನು ಅರಗಿಸಿ ಹೊರಗೆ ಹಾಕೋ ಶಕ್ತಿ ಇಲ್ಲ. ಸಂಜೆ ಹಾಲಲ್ಲಿ ಅರೆದು ಕೊಟ್ಟೆ. ಬೆಳಗ್ಗೆ ಮುಖ ಊದಿತ್ತು. ತುಟಿ ಎತ್ತಿ ನೋಡಿದ್ರೆ ವಸಡು ಚಾಕಲೇಟ್ ಬಣ್ಣ. ದವಾಖಾನೆ ಬಾಗಿಲು ತೆರೆಯೋ ಹೊತ್ತಿಗೆ ಮುಗಿದಿತ್ತು. ಉಳಿದ ಅರ್ಧ ಮಾತ್ರೆ ಇನ್ನೂ ಡಬ್ಬಿಯಲ್ಲಿದೆ. ಒಂದೇ ಕಡೆ ಅಗಿಯುತ್ತೆ ಅಂದ್ರೆ ನೋವಿದೆ. ಈಗ ಉಜ್ಜೋಕೂ ಹೋಗಬೇಡಿ, ಮೊದಲು ತೋರಿಸಿ.

ಮಾನ್ವಿ:
ಬೆಕ್ಕಿಗೆ ಹಲ್ಲಿನ ಬುಡವೇ ಕರಗೋ ಕಾಯಿಲೆ ಬರುತ್ತೆ, ಹೊರಗೆ ಬರೀ ಪಾಚಿ ಕಾಣುತ್ತೆ. ನಾಳೆ ಬೆಳಗ್ಗೆ ದನಗಳ ಸಾಲು ಬೆಳೆಯೋ ಮೊದಲೇ ಹೋಗಿ. ಬುಟ್ಟಿಗೆ ಮುಚ್ಚಳ ಬಿಗಿಯಾಗಿ ಕಟ್ಟಿ. ಅಲ್ಲಿ ಹೋರಿ ಕೂಗಿದ್ರೆ ಬೆಕ್ಕು ಕೈಗೆ ಸಿಗಲ್ಲ.

ಶಕ್ತಿನಗರ:
ಎಮ್ಮೆ ಡಾಕ್ಟರ್ ಅಂದಿದ್ದು ತಪ್ಪಾಯಿತು ಮೇಡಂ. ಆದ್ರೆ ಖಡಕ್ ರೊಟ್ಟಿ ವಿಷಯದಲ್ಲಿ ನಾನು ಹೇಳಿದ್ದೇ ಸರಿ.

ಕೌಲ್ ಬಜಾರ್:
ಮೂರನೇ ನಾಯಿ ಏನಾಯಿತು ಸಾರ್?